ಬೆಳೆಯುವ ಕೋಶ ಬಣ್ಣ ಕೊಡುವುದಿಲ್ಲ: ಪ್ಲಾಂಟ್ ಸೆಲ್ ಕಲ್ಚರ್ ಟಿಪ್ಪಣಿ

ಜನವರಿ ಹೊತ್ತಿಗೆ ನಮ್ಮ ಕಲಬುರಗಿ ಕಡೆ ಹೊಲಗಳಲ್ಲಿ ಕುಸುಬಿ ಹೂ ಬಿಟ್ಟಿರುತ್ತದೆ. ಮೊದಲು ಹಳದಿ, ಬಾಡುತ್ತಾ ಕೆಂಪು. ಎಸಳು ನೀರಿಗೆ ಹಾಕಿದರೆ ಹಳದಿ ಸಲೀಸಾಗಿ ಬಿಡುತ್ತದೆ. ಕೆಂಪು ಮಾತ್ರ ಬಿಡುವುದಿಲ್ಲ. ಅದರ ಹೆಸರು ಕಾರ್ಥಮಿನ್. ಸೋಡಾ ಹಾಕಿದ ನೀರಲ್ಲಿ ನೆನೆಸಿದರೆ ಬರುತ್ತದೆ, ಅದೂ ಚೂರೇ ಚೂರು. ವರ್ಷಕ್ಕೊಂದು ಬೆಳೆ, ಅದರಲ್ಲಿ ಹೂ, ಹೂವಲ್ಲಿ ಚಿಟಿಕೆ ಬಣ್ಣ. ಹಾಗಾದರೆ ಹೊಲ ಬಿಟ್ಟು ಬರೀ ಕೋಶಗಳನ್ನೇ ಟ್ಯಾಂಕಿನಲ್ಲಿ ಬೆಳೆಸಬಹುದಾ? ನಮ್ಮ ಪಾಠದ ಈ ಯೂನಿಟ್ ಪೂರ್ತಿ ಇದೇ ಪ್ರಶ್ನೆ.

ಶುರುವಿನದ್ದು ನಿಮಗೆ ಗೊತ್ತಿರುವುದೇ. ಗಿಡದ ಚೂರು, ಅದಕ್ಕೆ ಆಹಾರವಾಗಿ ಎಂಎಸ್ ಮೀಡಿಯಂ (ಮುರಾಶಿಗೆ ಮತ್ತು ಸ್ಕೂಗ್, 1962), ಜೊತೆಗೆ ಆಕ್ಸಿನ್, ಸೈಟೋಕೈನಿನ್ ಅನ್ನುವ ಸಸ್ಯ ಹಾರ್ಮೋನುಗಳು. ಕ್ಯಾಲಸ್, ಅಂದರೆ ಬೇರು ಎಲೆ ಅಂತಿಲ್ಲದ ಕೋಶಗಳ ಗಡ್ಡೆ, ಬರುತ್ತದೆ. ಅದನ್ನು ದ್ರವ ಮೀಡಿಯಂಗೆ ಹಾಕಿ ಶೇಕರ್ (ಫ್ಲಾಸ್ಕು ಅಲುಗಾಡಿಸುವ ಯಂತ್ರ) ಮೇಲಿಟ್ಟರೆ ಸಸ್ಪೆನ್ಷನ್, ಅಂದರೆ ದ್ರವದಲ್ಲಿ ತೇಲುವ ಕೋಶಗಳು.

ನಾನು ಎಡವಿದ್ದು ಇದರ ಮುಂದೆ. ಕೋಶ ಚೆನ್ನಾಗಿ ಬೆಳೆದರೆ ಬಣ್ಣವೂ ಜಾಸ್ತಿ ಬರುತ್ತದೆ ಅಂದುಕೊಂಡಿದ್ದೆ. ಎಷ್ಟೋ ಸಲ ಆಗುವುದು ಉಲ್ಟಾ. ಹೊಟ್ಟೆ ತುಂಬಿದ ಕೋಶ ಸುಮ್ನೆ ಒಡೆಯುತ್ತಾ ಎರಡಾಗುತ್ತಿರುತ್ತದೆ, ಬಣ್ಣದ ಗೊಡವೆಗೇ ಹೋಗುವುದಿಲ್ಲ.

ಇದಕ್ಕೆ ದಾರಿ ಕಂಡದ್ದು ಜಪಾನಿನಲ್ಲಿ. ಮುರಸಾಕಿ ಅನ್ನುವ ಗಿಡದ ಬೇರಿನಲ್ಲಿ ಶಿಕೋನಿನ್ ಎಂಬ ಕೆನ್ನೇರಳೆ ಬಣ್ಣ ಇರುತ್ತದೆ. ನಮ್ಮ ಗಿಡಮೂಲಿಕೆ ಅಂಗಡಿಯಲ್ಲಿ ಸಿಗುವ ರತನ್‌ಜೋತ್ ಬೇರನ್ನು ಎಣ್ಣೆಗೆ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಬಳಗದ ಬಣ್ಣ. ಮುರಸಾಕಿ ಬೇರು ಬಲಿಯಲು ವರ್ಷಗಳೇ ಬೇಕು. ಆಮೇಲೂ ಒಣತೂಕದ ಶೇಕಡಾ 1–2 ಮಾತ್ರ ಬಣ್ಣ. 1980ರ ದಶಕದಲ್ಲಿ ಮಿತ್ಸುಯಿ ಪೆಟ್ರೋಕೆಮಿಕಲ್ ಕಂಪನಿ ಕೆಲಸವನ್ನು ಎರಡು ಟ್ಯಾಂಕಿಗೆ ಹಂಚಿತು. ಮೊದಲನೆಯದರಲ್ಲಿ ಕೋಶ ಬೆಳೆಸುವುದಷ್ಟೇ. ಎರಡನೆಯದರಲ್ಲಿ ಬೇರೆ ಮೀಡಿಯಂ: ಸಾರಜನಕಕ್ಕೆ ಅಮೋನಿಯಂ ಇಲ್ಲ, ನೈಟ್ರೇಟ್ ಮಾತ್ರ, ತಾಮ್ರ ಸ್ವಲ್ಪ ಜಾಸ್ತಿ. ಅಮೋನಿಯಂ ಇದ್ದರೆ ಶಿಕೋನಿನ್ ನಿಂತೇ ಹೋಗುತ್ತದೆ. ಬೆಳಕು ಬಿದ್ದರೂ ಅಷ್ಟೇ. ಮೂರು ವಾರದ ಆಸುಪಾಸಿನಲ್ಲಿ ಒಂದು ಸುತ್ತು ಮುಗಿದು, ಕೋಶಗಳ ಒಣತೂಕದಲ್ಲಿ ಬಣ್ಣ ಶೇಕಡಾ 10 ದಾಟಿತು. ಕಾನೆಬೊ ಕಂಪನಿ ಅದನ್ನು ಲಿಪ್‌ಸ್ಟಿಕ್‌ಗೆ ಹಾಕಿ ಮಾರಿತು.

ಬೆಳಕಿನ ಮಾತನ್ನು ಎಲ್ಲ ಬಣ್ಣಕ್ಕೂ ಅಂಟಿಸಬೇಡಿ. ಆಂಥೋಸಯನಿನ್ ಅನ್ನುವ ಕೆಂಪು-ನೇರಳೆ ಬಣ್ಣಕ್ಕೆ ಸಾಮಾನ್ಯವಾಗಿ ಬೆಳಕು ಬೇಕು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಗಜ್ಜರಿ ಕೋಶಗಳಿಂದ ಈ ಬಣ್ಣ ತೆಗೆಯುವ ಕೆಲಸ ನಡೆದಿದೆ. ಇನ್ನೊಂದು ವ್ಯತ್ಯಾಸ: ಶಿಕೋನಿನ್ ಕೋಶದ ಹೊರಗೆ ಬಂದು ಕೂರುತ್ತದೆ, ಆಂಥೋಸಯನಿನ್ ಒಳಗೆ ವ್ಯಾಕ್ಯೂಲ್‌ನಲ್ಲೇ (ಕೋಶದೊಳಗಿನ ನೀರಿನ ಚೀಲ) ಉಳಿಯುತ್ತದೆ. ಅದನ್ನು ತೆಗೆಯಬೇಕಾದರೆ ಸಾಮಾನ್ಯವಾಗಿ ಕೋಶ ಸಾಯಬೇಕು.

ಬಣ್ಣದ ಕೆಲಸದಲ್ಲಿ ಒಂದು ಸುಖ ಇದೆ. ಕ್ಯಾಲಸ್‌ನಲ್ಲಿ ಜಾಸ್ತಿ ಕೆಂಪಗಿರುವ ಚೂರು ಕಣ್ಣಿಗೇ ಕಾಣುತ್ತದೆ. ಅದನ್ನೇ ಆರಿಸಿ, ಮತ್ತೆ ಬೆಳೆಸಿ, ಮತ್ತೆ ಆರಿಸಿ. ನಮ್ಮವರು ಬೀಜಕ್ಕೆ ಒಳ್ಳೆಯ ತೆನೆ ಎತ್ತಿಡುತ್ತಾರಲ್ಲ, ಹಾಗೆ.

ದೊಡ್ಡ ಟ್ಯಾಂಕಿನ ತಲೆನೋವು ಬೇರೆ. ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಎರಡಾಗಬಲ್ಲದು, ಗಿಡದ ಕೋಶಕ್ಕೆ ಒಂದೆರಡು ದಿನ ಬೇಕು, ಕೆಲವಕ್ಕೆ ಇನ್ನೂ ಹೆಚ್ಚು. ಒಂದೇ ಒಂದು ಬ್ಯಾಕ್ಟೀರಿಯಾ ಒಳಗೆ ನುಸುಳಿದರೂ 12 ಗಂಟೆಯಲ್ಲಿ 36 ಸಲ ಎರಡಾಗಬಹುದು. ಲೆಕ್ಕ ಹಾಕಿ ನೋಡಿ, ಭಯ ಆಗುತ್ತದೆ. ಜೋರಾಗಿ ಕಲಕಿದರೆ ಕೋಶ ಹರಿದು ಹಾಳಾಗುತ್ತದೆ, ಮೆಲ್ಲಗೆ ಕಲಕಿದರೆ ಆಮ್ಲಜನಕ ಸಾಲದು. ಮೇ ತಿಂಗಳಲ್ಲಿ ನಮ್ಮ ಲ್ಯಾಬಿನಲ್ಲಿ ಕರೆಂಟು ಹೋಯಿತು. ಶೇಕರ್ ನಿಂತಿತು, ಎಸಿ ನಿಂತಿತು, ಗಜ್ಜರಿ ಫ್ಲಾಸ್ಕುಗಳು ಒಂದೇ ಮಧ್ಯಾಹ್ನದಲ್ಲಿ ಹೋದವು. ಅವಕ್ಕೆ ಬೇಕಿದ್ದದ್ದು 25 ಡಿಗ್ರಿ, ಹೊರಗೆ ನಮ್ಮ ಬಿಸಿಲು.

ಇಷ್ಟು ಖರ್ಚಿಗೆ ಯಾವ ಬಣ್ಣ ತಕ್ಕದ್ದು? ಬೀಟ್‌ರೂಟ್ ಅಲ್ಲ ಅಂತ ನನಗನಿಸುತ್ತದೆ. ಎರಡು ಮೂರು ತಿಂಗಳಲ್ಲಿ ಹೊಲವೇ ಕೊಡುವ ಬಣ್ಣಕ್ಕೆ ಸ್ಟೀಲ್ ಟ್ಯಾಂಕ್ ಯಾಕೆ? ಕುಸುಬಿಯ ಕೆಂಪು ಬೇರೆ ಮಾತು. ಇಲ್ಲಿ ಕುಸುಬಿ ಬೆಳೆಯುವುದು ಎಣ್ಣೆಗೆ, ಎಸಳು ಗಿಡದಲ್ಲೇ ಒಣಗಿ ಹೋಗುತ್ತದೆ. ಅದನ್ನು ಬಿಡಿಸಲು ಕೂಲಿ ಜಾಸ್ತಿ, ಮುಳ್ಳು ಬೇರೆ.