ಅರೇಂಜರ್ ಅಂದರೆ ವ್ಯವಸ್ಥಾಪಕ ಅಲ್ಲ

ಅಮೆರಿಕದ ಡ್ರಮ್ ಕೋರ್‌ನಲ್ಲಿ (ಅಂದರೆ ಮೈದಾನದಲ್ಲಿ ಸಾಲಾಗಿ ನಡೆಯುತ್ತಾ ಊದುವ, ಡ್ರಮ್ ಬಾರಿಸುವ ಹುಡುಗ ಹುಡುಗಿಯರ ತಂಡದಲ್ಲಿ) ದಶಕಗಳ ಕಾಲ ಪಾಠ ಹೇಳಿದ ಮೇಷ್ಟ್ರೊಬ್ಬರಿಗೆ ಸನ್ಮಾನ ಆಗುತ್ತದೆ. ಇಂಗ್ಲಿಷಿನಲ್ಲಿ ಅವರು ಬ್ರಾಸ್ ಇನ್‌ಸ್ಟ್ರಕ್ಟರ್, ಅರೇಂಜರ್. ಸುದ್ದಿ ಕನ್ನಡಕ್ಕೆ ಬರುವಾಗ 'ಡ್ರಮ್ ಕಾರ್ಪ್ಸ್‌ನ ಹಿತ್ತಾಳೆ ಬೋಧಕ ಮತ್ತು ವ್ಯವಸ್ಥಾಪಕ' ಆಗಿಬಿಡುತ್ತಾರೆ. ಇಂಥ ಸಾಲು ನನ್ನ ಕಣ್ಣಿಗೆ ಬಿದ್ದಿದ್ದು ಇದೇ ಮೊದಲಲ್ಲ. ಮೂರು ಪದ, ಮೂರೂ ತಪ್ಪು. ಅವರು ಜೀವಮಾನವಿಡೀ ಮಾಡಿದ ಕೆಲಸ ಏನು ಅನ್ನುವುದೇ ಅದರಲ್ಲಿ ಕಳೆದುಹೋಗುತ್ತದೆ.

ಮೊದಲೆರಡನ್ನು ಬೇಗ ಮುಗಿಸೋಣ. ಅದು ಕಾರ್ಪ್ಸ್ ಅಲ್ಲ, ಕೋರ್. ಎನ್‌ಸಿಸಿಯ ಕೊನೆಯ 'ಸಿ' ಕೂಡ ಇದೇ ಪದ. ಲ್ಯಾಟಿನ್ನಿನ ಕೊರ್ಪುಸ್, ಅಂದರೆ ಮೈ, ಫ್ರೆಂಚ್ ದಾಟಿ ಬರುವಾಗ ಕೊನೆಯ ಅಕ್ಷರಗಳ ಸದ್ದು ಕಳೆದುಕೊಂಡಿತು. ಕಾರ್ಪ್ಸ್ ಅಂತ ಓದಿದರೆ ಇಂಗ್ಲಿಷ್ ಕಿವಿಗೆ ಹೆಣ ಅಂತ ಕೇಳಿಸುತ್ತದೆ. ಇನ್ನು ಬ್ರಾಸ್ ಇಲ್ಲಿ ಲೋಹದ ಹೆಸರಲ್ಲ, ತುಟಿಯನ್ನೇ ಅದುರಿಸಿ ಊದುವ ವಾದ್ಯಗಳ ಬಳಗ. ಕದ್ರಿ ಗೋಪಾಲನಾಥರು ನುಡಿಸಿದ ಸ್ಯಾಕ್ಸೊಫೋನಿನ ಮೈ ಹಿತ್ತಾಳೆಯದೇ ಅಲ್ವಾ? ಆದರೂ ಅದು ಬ್ರಾಸ್ ಅಲ್ಲ, ಯಾಕೆಂದರೆ ಅದರಲ್ಲಿ ಅದುರುವುದು ರೀಡ್ ಅನ್ನುವ ತೆಳು ಪಟ್ಟಿ.

ನನಗೆ ನಿಜವಾಗಿ ಬೇಜಾರು ತರಿಸುವುದು ಮೂರನೆಯದು. ಅರೇಂಜ್ ಅನ್ನುವ ಪದ ಹಳೆಯ ಫ್ರೆಂಚಿನಿಂದ ಬಂದಿದ್ದು. ಅದರೊಳಗೆ ಇರುವುದು 'ರಾಂಗ್', ಅಂದರೆ ಸಾಲು. ಇಂಗ್ಲಿಷಿನ ರ‍್ಯಾಂಕ್ ಕೂಡ ಅದೇ ಬೇರಿನದು. ಮೊದಲು ಅರೇಂಜ್ ಮಾಡುವುದು ಅಂದರೆ ಯುದ್ಧಕ್ಕೆ ಸೈನಿಕರನ್ನು ಸಾಲಾಗಿ ನಿಲ್ಲಿಸುವುದು. ಮದುವೆಗೆ ಛತ್ರ ಅರೇಂಜ್ ಮಾಡುವ ಅರ್ಥ ಬಂದಿದ್ದು ಎಷ್ಟೋ ಕಾಲ ಆದಮೇಲೆ. ಡ್ರಮ್ ಕೋರ್ ಬೆಳೆದಿದ್ದೇ ಮಾಜಿ ಸೈನಿಕರ ಸಂಘಗಳ ಆಸರೆಯಲ್ಲಿ. ಹಾಗಾಗಿ ಇಲ್ಲಿ ಪದ ತನ್ನ ಹಳೆಯ ಮನೆಗೇ ವಾಪಸ್ ಬಂದ ಹಾಗೆ ನನಗೆ ಕಾಣುತ್ತದೆ. ಸಾಲಿನಲ್ಲಿ ನಿಂತವರಿಗೆ ಯಾರು ಯಾವ ಸ್ವರ, ಯಾವಾಗ, ಎಷ್ಟು ಜೋರಾಗಿ ಅಂತ ಬರೆದುಕೊಡುವವರೇ ಅರೇಂಜರ್.

'ಸಂಯೋಜಕ' ಅಂದರೂ ಸರಿಹೋಗುವುದಿಲ್ಲ. ನಮ್ಮಲ್ಲಿ ಅದು ಹಾಡಿಗೆ ಮಟ್ಟು ಹಾಕಿದವರ ಹೆಸರು. ಅರೇಂಜರ್ ಮುಂದೆ ಬರುವಾಗ ಮಟ್ಟು ಆಗಲೇ ಇರುತ್ತದೆ, ಬೇರೆ ಯಾರದೋ ಆಗಿರುತ್ತದೆ. ಜಾಸ್ ಬ್ಯಾಂಡಿಗೆ ಬರೆದಿದ್ದನ್ನು ಸಾಪ್ರಾನೊ, ಮೆಲೋಫೋನ್, ಬ್ಯಾರಿಟೋನ್, ಕಾಂಟ್ರಾ ಅಂತ ಸಣ್ಣ ದೊಡ್ಡ ಬ್ರಾಸ್ ವಾದ್ಯಗಳಿಗೆ ಹಂಚಬೇಕು. ಹಳೆಯ ಬ್ಯೂಗಲ್‌ಗೆ (ಈ ತಂಡಗಳು ಊದುತ್ತಿದ್ದ ಕಹಳೆಗೆ) ವಾಲ್ವೇ, ಅಂದರೆ ಸ್ವರ ಬದಲಿಸಲು ಒತ್ತುವ ಗುಂಡಿಯೇ ಇರಲಿಲ್ಲ. ಊದಿದರೆ ಸಲೀಸಾಗಿ ಬರುವುದು ಸ, ಪ, ಮೇಲಿನ ಸ, ಗ, ಪ, ಅಷ್ಟೇ. ವಾಲ್ವ್ ಒಂದೊಂದಾಗಿ ಬಂತು. ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಈ ತಂಡಗಳ ಸ್ಪರ್ಧೆ ನಡೆಸುವ ಸಂಸ್ಥೆ ಡಿಸಿಐ, ಮೂರನೇ ವಾಲ್ವಿಗೆ ಒಪ್ಪಿದ್ದು 1990ರಲ್ಲಿ. ಬ್ಯೂಗಲ್ ಜಿ ಶ್ರುತಿಯದ್ದೇ ಇರಬೇಕು ಅನ್ನುವ ಕಟ್ಟು ಸಡಿಲವಾಗಿದ್ದು 2000ದ ಹೊತ್ತಿಗೆ. ಅದಕ್ಕೆ ಮುಂಚೆ ಬರೆದವರು, ಸಿಗದ ಸ್ವರದ ಕೊರತೆ ಕೇಳುವವರಿಗೆ ಗೊತ್ತಾಗದ ಹಾಗೆ ಬರೆಯಬೇಕಿತ್ತು.

ಮೈದಾನದ ಕಷ್ಟ ಬೇರೆ. ಅಮೆರಿಕನ್ ಫುಟ್‌ಬಾಲ್ ಮೈದಾನದ ಅಗಲ ಹತ್ತಿರ ಹತ್ತಿರ 49 ಮೀಟರ್. ಹಿಂದಿನ ಗೆರೆಯಲ್ಲಿ ಕಾಂಟ್ರಾವನ್ನು ಹೆಗಲ ಮೇಲೆ ಹೊತ್ತು ನಿಂತ ಹುಡುಗಿಯ ಸ್ವರ ಮುಂದಿನ ಗೆರೆ ತಲುಪಲು ಸೆಕೆಂಡಿನ ಏಳನೇ ಒಂದು ಭಾಗ ಬೇಕು. ಮುಂದಿನವರನ್ನು ಕೇಳಿಕೊಂಡು ಅವಳು ನುಡಿಸಿದರೆ ಅದರ ಎರಡರಷ್ಟು ತಡ, ತಾಳ ಹರಿದೇ ಹೋಗುತ್ತದೆ. ಅದಕ್ಕೇ ಕಿವಿ ಬಿಟ್ಟು, ಮುಂದೆ ನಿಂತು ತಾಳ ತೋರಿಸುವ ಡ್ರಮ್ ಮೇಜರ್ ಕೈಯನ್ನು ನಂಬು ಅಂತ ಮೇಷ್ಟ್ರು ಬಿಸಿಲಲ್ಲಿ ದಿನವಿಡೀ ಹೇಳಿಕೊಡಬೇಕು. ಎಷ್ಟೋ ಸಲ ಬರೆಯುವವರೂ ಕಲಿಸುವವರೂ ಒಬ್ಬರೇ ಆಗಿರುವುದು ಸುಮ್ನೆ ಅಲ್ಲ.

ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡ್ ಊರಿನ ಬ್ಲೂ ಡೆವಿಲ್ಸ್ ತಂಡದ ವೇಯ್ನ್ ಡೌನಿ ಅಂಥವರು. ತಂಡ 1976ರಲ್ಲಿ ಮೊದಲ ಸಲ ಡಿಸಿಐ ಚಾಂಪಿಯನ್ ಆಯಿತು. ಡೌನಿ ನಾಲ್ಕು ದಶಕಕ್ಕೂ ಜಾಸ್ತಿ ಅಲ್ಲಿ ಬರೆದರು, ಕಲಿಸಿದರು. ಸ್ಪಿರಿಟ್ ಆಫ್ ಅಟ್ಲಾಂಟಾ ತಂಡದ ಜಿಮ್ ಆಟ್‌ಗೆ ಅಷ್ಟು ಕಾಲ ಸಿಗಲಿಲ್ಲ, 1980ರಲ್ಲೇ ತೀರಿಕೊಂಡರು. ಆದರೂ ಡಿಸಿಐ ಚಾಂಪಿಯನ್‌ಷಿಪ್‌ನಲ್ಲಿ ಬ್ರಾಸ್ ಎಲ್ಲರಿಗಿಂತ ಚೆನ್ನಾಗಿ ನುಡಿಸಿದ ತಂಡಕ್ಕೆ ಕೊಡುವ ಪ್ರಶಸ್ತಿ ಇರುವುದು ಅವರ ಹೆಸರಲ್ಲೇ. ಇಂಥ ತಂಡದಲ್ಲಿ ಮಕ್ಕಳು 21-22 ವಯಸ್ಸಿಗೆ ಹೊರಗೆ ಹೋಗಲೇಬೇಕು. ಉಳಿಯುವುದು ಮೇಷ್ಟ್ರು. ತಂಡದ ದನಿ ವರ್ಷದಿಂದ ವರ್ಷಕ್ಕೆ ದಾಟುವುದು ಅವರ ಕೈಬರಹದಲ್ಲಿ. ಸನ್ಮಾನ ಆಗುವುದು ಅದಕ್ಕೆ.

ಹಾಗಾಗಿ ಮುಂದಿನ ಸಲ 'ಡ್ರಮ್ ಕೋರ್‌ನ ಬ್ರಾಸ್ ಮೇಷ್ಟ್ರು, ಅರೇಂಜರ್' ಅಂತ ಬರೆಯಿರಿ. ಕನ್ನಡವೇ ಬೇಕು ಅನ್ನುವವರಿಗೆ 'ವಾದ್ಯಗಳಿಗೆ ಹೊಂದಿಸಿ ಬರೆಯುವವರು' ಅನ್ನುವುದು ಇದೆ. ಸ್ವಲ್ಪ ಉದ್ದ, ಆದರೆ ಅವರು ಮಾಡುವ ಕೆಲಸ ಅದೇ.