ಬಿದಿರಿನ ಕಂಬವನ್ನು ಹೂಳಬೇಡಿ

ಮರದ ಚೌಕಟ್ಟು, ಬಿದಿರಿನ ದಬ್ಬೆ, ಅದರ ಮೇಲೆ ಗಾರೆ: ಈ ಬಗೆಯ ಮನೆ ಕಟ್ಟಿಸಲು ಬರುವವರು ಸಾಮಾನ್ಯವಾಗಿ ಓದಿಕೊಂಡೇ ಬಂದಿರುತ್ತಾರೆ. 1999ರಲ್ಲಿ ಕೊಲಂಬಿಯಾದ ಆರ್ಮೇನಿಯಾ ನಗರದಲ್ಲಿ ಭೂಕಂಪವಾದಾಗ ಇಂಥ ‘ಬಹರೆಕೆ’ ಮನೆಗಳಲ್ಲಿ ಹಲವು ತಾಳಿಕೊಂಡ ಕಥೆಯನ್ನು ನನಗೇ ಹೇಳುತ್ತಾರೆ. ಆದರೆ ಕಂಬವು ನೆಲದೊಳಗೆ ಇಳಿಯದೆ ಕಟ್ಟೆಯ ಮೇಲೆ ನಿಂತಿರುವುದನ್ನು ನಕ್ಷೆಯಲ್ಲಿ ಕಂಡ ಕೂಡಲೇ ಅವರ ಮುಖ ಸಪ್ಪಗಾಗುತ್ತದೆ. “ಇನ್ನೆರಡು ಅಡಿ ಇಳಿಸಿ ಸುತ್ತ ಕಾಂಕ್ರೀಟ್ ತುಂಬಿಸಿಬಿಡಿ ಸರ್, ಭದ್ರವಾಗಿರುತ್ತದೆ” ಎನ್ನುತ್ತಾರೆ.

ಕಾಂಕ್ರೀಟ್ ನೀರನ್ನು ತಡೆಯುತ್ತದೆ ಎಂಬುದು ಅವರ ನಂಬಿಕೆ. ಅದು ನೆಲದ ತೇವವನ್ನು ಹೀರುತ್ತದೆ, ಅದಿರಲಿ. ಹಸಿ ಕಾಂಕ್ರೀಟಿನ ನೀರು ಕುಡಿದು ಉಬ್ಬಿದ ಬಿದಿರು ಆಮೇಲೆ ಒಣಗಿ ಕುಗ್ಗುವುದರಿಂದ ಅದರ ಸುತ್ತ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಕಂಬದ ಮೈಮೇಲೆ ಇಳಿದ ಮಳೆನೀರು ಆ ಸಂದಿನಲ್ಲಿ ಸೇರಿದರೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಕಂಬ ಬಟ್ಟಲಿನಲ್ಲಿ ನಿಂತಂತಾಗುತ್ತದೆ. ಕತ್ತರಿಸಿದ ತುದಿಯ ನಾಳಗಳು ಆ ನೀರನ್ನು ಮೇಲಕ್ಕೆಳೆಯುತ್ತವೆ. ಮರವಾಗಲಿ ಬಿದಿರಾಗಲಿ, ತೇವಾಂಶ ಶೇ 20ರ ಒಳಗಿದ್ದರೆ ಸಾಮಾನ್ಯವಾಗಿ ಶಿಲೀಂಧ್ರ ಹಿಡಿಯುವುದಿಲ್ಲ. ಹೂಳಿದ ಬುಡ ಆ ಮಟ್ಟಕ್ಕೆ ಒಣಗುವುದು ಅಪರೂಪ.

ಒಬ್ಬ ಯಜಮಾನರು ನಾನು ಬೇಡವೆಂದರೂ ಮೇಸ್ತ್ರಿಗೆ ಹೇಳಿ ಜಗಲಿಯ ನಾಲ್ಕು ಕಂಬಗಳನ್ನು ಹೂಳಿಸಿದರು, ಬುಡಕ್ಕೆ ಡಾಂಬರನ್ನೂ ಬಳಿಸಿದರು. ಬಹಳ ಅಕ್ಕರೆಯ ಮನುಷ್ಯರು. ವರ್ಷವರ್ಷವೂ ತಾವೇ ಕೂತು ಕಂಬಗಳಿಗೆ ವಾರ್ನಿಷ್ ಹಚ್ಚುತ್ತಿದ್ದರು. ಆರನೆಯ ವರ್ಷ ನನ್ನನ್ನು ಕರೆಸಿದಾಗ ಕಂಬಗಳು ಮಿರಮಿರ ಮಿಂಚುತ್ತಿದ್ದವು. ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಸಲೀಸಾಗಿ ಒಳಗೆ ಹೋಯಿತು, ಹೊರಗೆಳೆದಾಗ ಒದ್ದೆ ನಶ್ಯದಂಥ ಪುಡಿ ಅದಕ್ಕೆ ಅಂಟಿಕೊಂಡಿತ್ತು. ಅವರು ಆ ಪುಡಿಯನ್ನೇ ನೋಡುತ್ತಾ, “ಡಾಂಬರು ಒಳ್ಳೆಯದನ್ನೇ ತಂದಿದ್ದೆನಲ್ಲ” ಎಂದರು. ಒಳಗೆ ಸೇರಿದ ನೀರು ಆರದಂತೆ ತಡೆದದ್ದರಲ್ಲಿ ಆ ಡಾಂಬರಿನ ಪಾಲೂ ಇತ್ತೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಗಳಗಳನ್ನು ನೆನೆಸಿದ್ದೇವಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ದ್ರಾವಣ ಕುಟ್ಟೆ ಹುಳುವಿಗೆ ಒಳ್ಳೆಯ ಮದ್ದು. ಆದರೆ ನೀರಿನಲ್ಲಿ ಕರಗಿಯೇ ಒಳಹೊಕ್ಕ ಲವಣ ನೀರಿನಲ್ಲಿ ಕರಗಿಯೇ ಹೊರಗೂ ಹೋಗುತ್ತದೆ. ಇನ್ನು ಕೆಲವರು, “ನೀವೇ ಗಳದ ಪೊಳ್ಳಿನೊಳಗೆ ಗಾರೆ ಸುರಿಯುತ್ತೀರಿ” ಎಂದು ನನ್ನನ್ನು ಹಿಡಿದುಹಾಕುತ್ತಾರೆ. ಸುರಿಯುವುದು ನಿಜ. ಅಡಿಪಾಯದಿಂದ ಮೇಲೆದ್ದ ಕಬ್ಬಿಣದ ಸರಳನ್ನು ಕೆಳಗಿನ ಗೆಣ್ಣು ಕೊರೆದು ಒಳಕ್ಕೆ ಬಿಟ್ಟು, ಗಾಳಿಗೆ ಕಂಬ ಮೇಲೇಳದಂತೆ ಆ ಪೊಳ್ಳನ್ನಷ್ಟೇ ಗಾರೆಯಿಂದ ತುಂಬುತ್ತೇವೆ. ಆಗಲೂ ಕಂಬದ ಹೊರಮೈಗೆ ಗಾಳಿಯಾಡುತ್ತಿರುತ್ತದೆ. ಬುಡ ಮತ್ತು ಕಟ್ಟೆಯ ನಡುವೆ ತೇವ ತಡೆಯುವ ಹಾಳೆಯಿರುತ್ತದೆ. ಕಟ್ಟೆ ನೆಲದಿಂದ ಕನಿಷ್ಠ ಒಂದಡಿ ಎತ್ತರವಿರಲಿ ಎನ್ನುತ್ತೇನೆ. ಮಳೆ ಚಿಮ್ಮುವ ಕಡೆ ಇನ್ನೂ ಹೆಚ್ಚು ಬೇಕಾದೀತು, ಜಾಗ ನೋಡದೆ ಖಚಿತವಾಗಿ ಹೇಳಲಾರೆ. ಗೋಡೆಯ ಗಾರೆಯೂ ಕಟ್ಟೆಯ ಮೇಲೆಯೇ ನಿಲ್ಲಬೇಕು, ನೆಲ ಮುಟ್ಟಬಾರದು.

ಆ ಯಜಮಾನರ ಕಂಬಗಳನ್ನು ಬದಲಿಸಿ, ಕಟ್ಟೆಗಿಂತ ಎರಡು ಬೆರಳು ಮೇಲೆ, ಉಕ್ಕಿನ ಪಾದದ ಮೇಲೆ ನಿಲ್ಲಿಸಿದೆವು. ಕಳೆದ ವಾರ ಅವರೇ ಫೋನ್ ಮಾಡಿದ್ದರು. ಕೆಳಗಿನ ಸಂದಿನಲ್ಲಿ ಇರುವೆ ಸೇರಿಕೊಳ್ಳುತ್ತಿದೆಯಂತೆ, ಒಂದು ಬಾಂಡಲಿ ಸಿಮೆಂಟ್ ಕಲಸಿ ಮುಚ್ಚಿಬಿಡಲೇ ಎಂದು ಕೇಳಿದರು.