ಮೊಸಳೆ ಯಾಕೆ ಹಕ್ಕಿ ಅಲ್ಲ?

ಹಕ್ಕಿಗಳೆಲ್ಲ ಮೊಟ್ಟೆ ಇಡ್ತವೆ, ಮೊಸಳೆನೂ ಮೊಟ್ಟೆ ಇಡುತ್ತೆ, ಹಂಗಾದ್ರೆ ಮೊಸಳೆನೂ ಹಕ್ಕಿನೇ! ಕೇಳಿದ್ರೆ ಯಾರಿಗಾದ್ರೂ ನಗು ಬರುತ್ತೆ, ಆದ್ರೆ ತಪ್ಪೆಲ್ಲಿದೆ ತೋರ್ಸಿ ಅಂದ್ರೆ ತಡವರಿಸ್ತೀವಿ, ಯಾಕಂದ್ರೆ ಮೊದಲ್ನೇ ಎರಡು ಮಾತೂ ನಿಜಾನೇ. ಎಡವಟ್ಟಾಗಿರೋದು ಅವೆರಡನ್ನ ಜೋಡ್ಸಿರೋದ್ರಲ್ಲಿ.

ಈ ಜೋಡ್ಸೋ ಕೆಲಸಕ್ಕೆ ಮೊದಲು ಸರಿಯಾಗಿ ನಿಯಮ ಬರ್ದಿಟ್ಟೋನು ಗ್ರೀಸ್‌ನ ಅರಿಸ್ಟಾಟಲ್ (ಕ್ರಿ.ಪೂ. 384–322). ಎರಡು ಆಧಾರವಾಕ್ಯ, ಒಂದು ತೀರ್ಮಾನ, ಇಷ್ಟೇ ಸಿಲಾಜಿಸಂ. ಆಧಾರವಾಕ್ಯ ಎರಡರಲ್ಲೂ ಬಂದು ತೀರ್ಮಾನದಲ್ಲಿ ಮಾಯ ಆಗೋ ಪದ ಒಂದಿರುತ್ತೆ, ಅದೇ ಮಧ್ಯಪದ, ಬ್ರೋಕರ್ ಥರ ಅನ್ಕೊಳಿ. ನಮ್ಮ ಉದಾಹರಣೇಲಿ ಅದು 'ಮೊಟ್ಟೆ ಇಡೋವು'. ಮೊಟ್ಟೆ ಇಡೋ ಪ್ರಾಣಿಗಳ ದೊಡ್ಡ ಗುಂಪಲ್ಲಿ ಹಕ್ಕಿಗಳು ಒಂದು ಮೂಲೇಲಿವೆ, ಮೊಸಳೆ ಇನ್ನೊಂದು ಮೂಲೇಲಿ, ಇಡೀ ಗುಂಪಿನ ಬಗ್ಗೆ ಯಾವ ವಾಕ್ಯನೂ ಬಾಯಿ ಬಿಟ್ಟಿಲ್ಲ, ಹಂಗಾಗಿ ಆ ಎರಡಕ್ಕೂ ನಂಟು ಬೆಳೆಯೋದೇ ಇಲ್ಲ.

ಈಗ ಉಲ್ಟಾ ನೋಡಿ. ಹಕ್ಕಿಗಳೆಲ್ಲ ಹಾರ್ತವೆ, ಪೆಂಗ್ವಿನ್ ಹಕ್ಕಿ, ಆದ್ರಿಂದ ಪೆಂಗ್ವಿನ್ ಹಾರುತ್ತೆ. ತೀರ್ಮಾನ ಸುಳ್ಳು, ತರ್ಕ ಮಾತ್ರ ಪಕ್ಕಾ! ಮೊದಲ್ನೇ ವಾಕ್ಯನೇ ಸುಳ್ಳಾದ್ರೆ ತರ್ಕ ಪಾಪ ಏನ್ ಮಾಡುತ್ತೆ.

ಅರಿಸ್ಟಾಟಲ್‌ನ ಈ ತರ್ಕದಲ್ಲಿ ವಾಕ್ಯಗಳು ನಾಲ್ಕೇ ಥರ: ಎಲ್ಲವೂ ಹಿಂಗೆ, ಯಾವುದೂ ಹಿಂಗಲ್ಲ, ಕೆಲವು ಹಿಂಗೆ, ಕೆಲವು ಹಿಂಗಲ್ಲ. ಜಗಳ ಆಡೋವಾಗ ನಾವು ಜಾಸ್ತಿ ಎಡವೋದು ಇಲ್ಲೇ. 'ಎಲ್ಲಾ ಗ್ರಹಕ್ಕೂ ಚಂದ್ರ ಇದೆ' ಅಂತ ಯಾರೋ ಅಂದ್ರೆ 'ಯಾವ ಗ್ರಹಕ್ಕೂ ಇಲ್ಲ' ಅಂತ ವಾದಿಸೋ ಅಗತ್ಯ ಇಲ್ಲ, ಅದೂ ಸುಳ್ಳೇ ತಾನೆ. ಬುಧಕ್ಕೆ ಇಲ್ಲ ಅಂತ ತೋರ್ಸಿದ್ರೆ ಮುಗೀತು, 'ಎಲ್ಲಾ' ಅನ್ನೋದನ್ನ ಬೀಳ್ಸೋಕೆ 'ಕೆಲವು ಅಲ್ಲ' ಸಾಕು.

ಈ ನಾಲ್ಕನ್ನ ಬೇರೆ ಬೇರೆ ರೀತಿ ಜೋಡ್ಸಿದ್ರೆ 256 ರೂಪ ಬರ್ತವೆ, ಅದ್ರಲ್ಲಿ ಹಳೇ ಲೆಕ್ಕದ ಪ್ರಕಾರ ಸರಿ ಇರೋವು 24 ಅಷ್ಟೇ. ಮಧ್ಯಯುಗದ ಯುರೋಪಲ್ಲಿ ಇವನ್ನ ಬಾಯಿಪಾಠ ಮಾಡೋಕೆ ಬಾರ್ಬರಾ, ಸೆಲಾರೆಂಟ್ ಅಂತೆಲ್ಲ ಹೆಸರಿಟ್ಟಿದ್ರು. ಬಾರ್ಬರಾದಲ್ಲಿರೋ (Barbara) ಮೂರು 'a' ಸ್ವರ ಅಂದ್ರೆ ಮೂರೂ 'ಎಲ್ಲಾ' ವಾಕ್ಯ ಅಂತ.

ಆಮೇಲೆ 24ರಲ್ಲೂ 9 ಉದುರಿದ್ವು. ಎಲ್ಲಾ ದೆವ್ವನೂ ಬೆಳ್ಳಗಿವೆ ಅಂದ್ರೆ ಕೆಲವು ದೆವ್ವ ಬೆಳ್ಳಗಿವೆ ಅಂತ ಹಳಬರು ಒಪ್ಕೊಳೋರು, ಆದ್ರೆ ದೆವ್ವನೇ ಇಲ್ದಿದ್ರೆ 'ಕೆಲವು' ಎಲ್ಲಿಂದ ಬರ್ಬೇಕು? 19ನೇ ಶತಮಾನದಲ್ಲಿ ತರ್ಕಕ್ಕೆ ಗಣಿತ ಸೇರಿದ್ಮೇಲೆ ಈ ಪ್ರಶ್ನೆ ತಪ್ಪಿಸ್ಕೊಳೋಕಾಗ್ಲಿಲ್ಲ, ಕೊನೆಗೆ ಉಳಿದಿದ್ದು 15.